ಮೂಳೆ ಕಟ್ಟುವ ಮದ್ದು ಬಂದ ಬಗೆ

ಬೊಮ್ಮನಹಳ್ಳಿಯ ನಮ್ಮ ಮನೆಯ ಫ್ರಿಜ್ಜಿನಲ್ಲಿ, ದೋಸೆ ಹಿಟ್ಟಿನ ಪಾತ್ರೆಗೂ ಮೊಸರಿನ ಬಟ್ಟಲಿಗೂ ನಡುವೆ, ಒಂದು ಪುಟ್ಟ ರಟ್ಟಿನ ಪೆಟ್ಟಿಗೆ ಕಳೆದ ಒಂದು ವರ್ಷದಿಂದ ಬಿಡಾರ ಹೂಡಿದೆ. ಅದರೊಳಗಿರುವುದು ನೋಡಲು ಮಸಿಪೆನ್ನಿನಂತಿರುವ ಒಂದು ಇಂಜೆಕ್ಷನ್ ಕೊಳವೆ. ಒಂದು ಪೆನ್ನು 28 ದಿನಕ್ಕೆ ಸಾಕು. ದಿನಕ್ಕೊಮ್ಮೆ ಹೊಟ್ಟೆಗೋ ತೊಡೆಗೋ ಅದನ್ನು ಒತ್ತಿ ಹಿಡಿದರೆ 20 ಮೈಕ್ರೋಗ್ರಾಂ ಔಷಧ ಒಳಗೆ ಇಳಿಯುತ್ತದೆ. ಒಗ್ಗರಣೆಗೆ ಹಾಕುವ ಒಂದು ಸಾಸಿವೆ ಕಾಳನ್ನು ನೂರು ಪಾಲು ಮಾಡಿದರೆ ಹೆಚ್ಚುಕಡಿಮೆ ಅದರ ಒಂದು ಪಾಲಿನ ತೂಕ. ಇಷ್ಟೇ ಇಷ್ಟು ವಸ್ತು ಅರವತ್ತೆಂಟು ವರ್ಷದ ನಮ್ಮ ಅಕ್ಕನ ಬೆನ್ನುಮೂಳೆಯನ್ನು ಮತ್ತೆ ಕಟ್ಟುತ್ತದೆ ಎಂದು ವೈದ್ಯರು ಹೇಳಿದಾಗ, ಹರಕೆ ಹೊತ್ತವರು ಪ್ರಸಾದವನ್ನು ಕಣ್ಣಿಗೊತ್ತಿಕೊಳ್ಳುವಂತೆ ನಾವು ಅದನ್ನು ಕಣ್ಣಿಗೊತ್ತಿಕೊಂಡು ಮನೆಗೆ ತಂದೆವು.

ಅಕ್ಕನ ಕಾಯಿಲೆ ತಿಳಿದುಬಂದದ್ದೇ ಒಂದು ಸೋಜಿಗ. ಮೂರು ವರ್ಷದಿಂದ ಅವಳು ಒಂದೇ ಮಾತು ಹೇಳುತ್ತಿದ್ದಳು: “ಈಗಿನ ಸೀರೆಗಳು ಯಾಕೋ ಉದ್ದ ಬರ್ತಿವೆ ಕಣೋ, ಎಷ್ಟು ಎತ್ತಿ ಉಟ್ಟರೂ ಅಂಚು ನೆಲ ಗುಡಿಸುತ್ತೆ.” ನೇಯುವವರು ಧಾರಾಳಿಗಳಾಗಿದ್ದಾರೆ ಎಂದು ನಾನೂ ನಗೆಯಾಡಿದ್ದೆ. ಆಮೇಲೆ ದೇವರ ಗೂಡಿನ ಮೇಲಿನ ಹಲಗೆ ಕೈಗೆಟುಕುವುದಿಲ್ಲ ಎಂದಳು. ಅದಕ್ಕೂ ನಾವು ತಲೆ ಕೆಡಿಸಿಕೊಳ್ಳಲಿಲ್ಲ. ಕಳೆದ ವರ್ಷ ಬಚ್ಚಲುಮನೆಯಲ್ಲಿ ಜಾರಿ, ನೆಲಕ್ಕೆ ಕೈಯೂರಿ, ಮಣಿಕಟ್ಟು ಮುರಿಯಿತು. ಅದರ ಜೊತೆಗೆ ಬೆನ್ನಿನ ಚಿತ್ರವನ್ನೂ ತೆಗೆದು ನೋಡಿದರೆ, ಎರಡು ಬೆನ್ನೆಲುಬುಗಳು ಯಾವಾಗಲೋ ಸದ್ದಿಲ್ಲದೆ ಕುಸಿದಿದ್ದವು. ಸೀರೆ ಉದ್ದವಾಗಿರಲಿಲ್ಲ, ಉಟ್ಟವಳು ಗಿಡ್ಡವಾಗಿದ್ದಳು.

ಇಂಜೆಕ್ಷನ್ ಚುಚ್ಚುವ ಕೆಲಸಕ್ಕೆ ನನ್ನ ಕೈ ನಡುಗಿತು. ಅಕ್ಕನಿಗೆ ಕಣ್ಣು ಸಾಲದು. ಕೊನೆಗೆ ನೆರವಿಗೆ ಬಂದವಳು ನಮ್ಮ ಹಿತ್ತಲ ಸಾಲುಮನೆಯಲ್ಲಿರುವ ಒಬ್ಬ ಹೆಣ್ಣುಮಗಳು. ನಲವತ್ತೈದರ ಆಸುಪಾಸಿನ ಪ್ರಾಯ. ಇಪ್ಪತ್ತು ವರ್ಷದಿಂದ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ದಿನಕ್ಕೆ ನೂರಾರು ಸಲ ಸೂಜಿಯ ಕೆಳಗೆ ಬಟ್ಟೆ ನೂಕುವ ಕೈಗೆ ಇದು ಯಾವ ಮಹಾ ವಿದ್ಯೆ? ಎರಡೇ ದಿನಕ್ಕೆ ಕಲಿತಳು. ಸಂಜೆ ಕೆಲಸದಿಂದ ಬಂದವಳು ಕೈಕಾಲು ತೊಳೆದು, ಅಕ್ಕನ ಪಕ್ಕ ಕುಳಿತು, “ಅಮ್ಮ, ಒಂದು ನಿಮಿಷ ಉಸಿರು ಬಿಗಿಹಿಡೀರಿ” ಎಂದು ಚುಚ್ಚಿ, ಒಂದು ಲೋಟ ಕಾಫಿ ಕುಡಿದು ಹೋಗುತ್ತಾಳೆ. ಹೀಗೊಂದು ಸಂಜೆ ಖಾಲಿಯಾದ ಪೆನ್ನನ್ನು ಬೆಳಕಿಗೆ ಹಿಡಿದು ನೋಡುತ್ತ ನನ್ನನ್ನು ಕೇಳಿದಳು: “ಮೇಷ್ಟ್ರೇ, ಇದನ್ನ ಎಲ್ಲರಿಗಿಂತ ಮೊದಲು ಯಾರಿಗೆ ಚುಚ್ಚಿ ನೋಡಿದ್ರಂತೆ?”

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿದವನು ನಾನು. ಪಾಣಿಪತ್ತಿನ ಮೂರು ಕಾಳಗಗಳ ತಾರೀಖು ಕೇಳಿದ್ದರೆ ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದೆ. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನನ್ನ ಮನೆಯೊಳಗೇ ಇರುವ ವಸ್ತುವಿನ ಚರಿತ್ರೆ ನನಗೆ ತಿಳಿಯದು ಎಂಬ ನಾಚಿಕೆಯಿಂದ ಓದತೊಡಗಿದೆ. ಓದಿದ್ದನ್ನು ಸಂಜೆಗಿಷ್ಟರಂತೆ ಅವಳಿಗೂ ಅಕ್ಕನಿಗೂ ಹೇಳಿದೆ. ಅದನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಈ ಕಥೆ ಶುರುವಾಗುವುದು ಮನುಷ್ಯರಿಂದಲ್ಲ, ಒಂದು ಖಡ್ಗಮೃಗದಿಂದ. ಅದೂ ನಮ್ಮ ಭಾರತದ ಒಂಟಿಕೊಂಬಿನ ಖಡ್ಗಮೃಗದಿಂದ. 1834ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯ ಅದನ್ನು ಕೊಂಡಿತು. ಹದಿನೈದು ವರ್ಷ ಆ ಚಳಿಯೂರಿನ ಜನಕ್ಕೆ ದರ್ಶನ ಕೊಟ್ಟು 1849ರಲ್ಲಿ ಅದು ಸತ್ತಾಗ, ರಿಚರ್ಡ್ ಓವೆನ್ ಎಂಬ ಪ್ರಸಿದ್ಧ ಅಂಗರಚನಾ ಶಾಸ್ತ್ರಜ್ಞ ಅದರ ದೇಹವನ್ನು ಕೊಯ್ದು ಪರೀಕ್ಷಿಸಿದ. ಕುತ್ತಿಗೆಯಲ್ಲಿ ಥೈರಾಯಿಡ್ ಗ್ರಂಥಿಗೆ ಅಂಟಿಕೊಂಡಿದ್ದ ಹಳದಿ ಬಣ್ಣದ ಒಂದು ಚಿಕ್ಕ ಗಂಟನ್ನು ಕಂಡು ಬರೆದಿಟ್ಟ. ಅದು ಏನು, ಏತಕ್ಕೆ ಎಂದು ಅವನಿಗೂ ತಿಳಿಯಲಿಲ್ಲ, ಓದಿದವರೂ ಕೇಳಲಿಲ್ಲ. ಅಷ್ಟು ದೊಡ್ಡ ಪ್ರಾಣಿಯಲ್ಲಿ ಅಷ್ಟು ಸಣ್ಣ ಗಂಟನ್ನು ಯಾರು ಲೆಕ್ಕಕ್ಕಿಡುತ್ತಾರೆ!

ಮನುಷ್ಯರಲ್ಲೂ ಇಂಥ ಗಂಟುಗಳಿವೆ ಎಂದು ತೋರಿಸಿದವನು ಸ್ವೀಡನ್ನಿನ ಉಪ್ಸಾಲಾದ ಈವಾರ್ ಸ್ಯಾಂಡ್‌ಸ್ಟ್ರೋಮ್. ಅದನ್ನು ಕಂಡಾಗ ಅವನಿನ್ನೂ ವೈದ್ಯ ವಿದ್ಯಾರ್ಥಿ. 1880ರಲ್ಲಿ ಅವನು ತನ್ನ ಲೇಖನವನ್ನು ಸ್ವೀಡಿಷ್ ಭಾಷೆಯಲ್ಲಿ ಪ್ರಕಟಿಸಿದ. ಜಗತ್ತು ಅದನ್ನೂ ಓದಲಿಲ್ಲ. ಸಾಮಾನ್ಯವಾಗಿ ನಾಲ್ಕು, ಒಂದೊಂದೂ ಅಕ್ಕಿಕಾಳಿನಷ್ಟು. ಗಳಗಂಡ ತೆಗೆಯಲು ಕುತ್ತಿಗೆ ಕೊಯ್ಯುತ್ತಿದ್ದ ಶಸ್ತ್ರವೈದ್ಯರು ಇವುಗಳನ್ನು ಅರಿಯದೆ ಕಿತ್ತುಹಾಕುತ್ತಿದ್ದರು. ಕೆಲವೇ ದಿನಕ್ಕೆ ರೋಗಿಯ ಕೈಕಾಲು ಸೆಡೆತುಕೊಂಡು ಪ್ರಾಣಕ್ಕೆ ಸಂಚಕಾರ ಬರುತ್ತಿತ್ತು. ರಕ್ತದಲ್ಲಿ ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ಇಳಿದುಹೋಗುವುದರಿಂದ ಹೀಗಾಗುತ್ತದೆಂದು ತಿಳಿದದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ. ಪ್ಯಾರಾಥೈರಾಯಿಡ್ ಎಂದು ಕರೆಯುವ ಈ ಪುಟ್ಟ ಗ್ರಂಥಿಗಳು ರಕ್ತದ ಸುಣ್ಣದ ಕಾವಲುಗಾರರು ಎಂಬುದು ಆಗ ಗೊತ್ತಾಯಿತು.

ಇಲ್ಲಿ ನಮ್ಮ ಹಳ್ಳಿಗಳ ಹಗೇವನ್ನು ನೆನೆದರೆ ವಿಷಯ ಸುಲಭವಾಗುತ್ತದೆ. ಹಿಂದೆ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಬೇಕಾದಾಗ ಬಾಯಿ ತೆಗೆದು ಒಂದಷ್ಟು ಹೊರಕ್ಕೆ ತೆಗೆಯುತ್ತಿದ್ದರು. ನಮ್ಮ ಮೂಳೆಯೂ ಅಂಥದೇ ಒಂದು ಹಗೇವು. ಮೈಯಲ್ಲಿರುವ ಸುಣ್ಣದಲ್ಲಿ ನೂರಕ್ಕೆ 99 ಪಾಲು ಮೂಳೆಯಲ್ಲಿದೆ. ಹೃದಯ ಬಡಿಯಲು, ಸ್ನಾಯು ಮಿಡಿಯಲು ರಕ್ತದಲ್ಲಿ ಇಷ್ಟು ಎಂದು ಅಳತೆಯ ಸುಣ್ಣ ಇರಲೇಬೇಕು. ಊಟದಲ್ಲಿ ಅದು ಸಾಲದೆ ಬಂದಾಗ ಪ್ಯಾರಾಥೈರಾಯಿಡ್ ಗ್ರಂಥಿಯ ಹಾರ್ಮೋನು ಶಾನುಭೋಗನಂತೆ ಬಂದು ಹಗೇವಿನ ಬಾಯಿ ತೆಗೆಸುತ್ತದೆ. ಮೂಳೆಯಲ್ಲಿ ಎರಡು ಬಗೆಯ ಕೆಲಸಗಾರ ಕಣಗಳಿವೆ: ಕೆಡಹುವವು, ಕಟ್ಟುವವು. ಇವು ಎಂದೂ ಸುಮ್ಮನಿರುವುದಿಲ್ಲ. ಹಳೆಯದನ್ನು ಕೆಡಹಿ ಹೊಸದನ್ನು ಕಟ್ಟುತ್ತ, ಸುಮಾರು ಹತ್ತು ವರ್ಷಕ್ಕೊಮ್ಮೆ ಇಡೀ ಅಸ್ಥಿಪಂಜರವನ್ನೇ ಹೊಸದು ಮಾಡುತ್ತವೆ. ಕೆಡಹುವವರ ಕೈ ಮೇಲಾದರೆ ಮೂಳೆ ಟೊಳ್ಳು.

ಶಾನುಭೋಗ ಹಗೇವಿನ ಬಾಯಲ್ಲೇ ಠಾಣ್ಯ ಹಾಕಿದರೆ ಗತಿ ಏನಾಗುತ್ತದೆಂಬುದಕ್ಕೆ ಇಬ್ಬರು ಸಾಕ್ಷಿಗಳಿದ್ದಾರೆ. ಒಬ್ಬ ವಿಯೆನ್ನಾದ ಟ್ರಾಮಿನ ಕಂಡಕ್ಟರ್, ಆಲ್ಬರ್ಟ್ ಯಾನೆ. ಅವನ ಮೂಳೆಗಳು ಕರಗಿ ನಡೆಯಲಾಗದಂತಾಗಿದ್ದಾಗ, ಗ್ರಂಥಿಯ ರಸ ಸಾಲದೆ ಹೀಗಾಗಿದೆಯೆಂದು ಭಾವಿಸಿ ವೈದ್ಯರು ಅದನ್ನೇ ಇನ್ನಷ್ಟು ಕೊಟ್ಟರು, ರೋಗ ಉಲ್ಬಣಿಸಿತು. 1925ರಲ್ಲಿ ಫೆಲಿಕ್ಸ್ ಮಾಂಡ್ಲ್ ಎಂಬ ಶಸ್ತ್ರವೈದ್ಯ ಊದಿಕೊಂಡಿದ್ದ ಗ್ರಂಥಿಯನ್ನು ತೆಗೆದುಹಾಕಿದ ಮೇಲೆ ಅವನು ಎದ್ದು ಓಡಾಡಿದ. ಕೆಲವು ವರ್ಷಗಳ ನಂತರ ಕಾಯಿಲೆ ಮರುಕಳಿಸಿತು. ಇನ್ನೊಬ್ಬ ಅಮೆರಿಕದ ವ್ಯಾಪಾರಿ ಹಡಗಿನ ಕಪ್ತಾನ ಚಾರ್ಲ್ಸ್ ಮಾರ್ಟೆಲ್. ಆಳು ಏಳು ಅಂಗುಲ ಗಿಡ್ಡವಾದ. ಆರು ಶಸ್ತ್ರಕ್ರಿಯೆಗಳಲ್ಲಿ ಸಿಗದ ಗಂಟು, ತನ್ನ ಕಾಯಿಲೆಯ ಬಗೆಗೆ ತಾನೇ ವೈದ್ಯಗ್ರಂಥಗಳನ್ನು ಓದಿ ಎದೆಗೂಡಿನೊಳಗೆ ಹುಡುಕಿರೆಂದು ಅವನು ಒತ್ತಾಯಿಸಿದ ಮೇಲೆ, 1932ರ ಏಳನೆಯ ಶಸ್ತ್ರಕ್ರಿಯೆಯಲ್ಲಿ ಸಿಕ್ಕಿತು. ಕೆಲವೇ ವಾರಗಳಲ್ಲಿ ಕಪ್ತಾನ ತೀರಿಕೊಂಡ. ಏಳು ಅಂಗುಲದ ಸಂಗತಿ ಓದಿದಾಗ ನನಗೆ ಅಕ್ಕನ ಸೀರೆ ನೆನಪಾಯಿತು.

ಹೀಗಾಗಿ ಈ ಹಾರ್ಮೋನೆಂದರೆ ಮೂಳೆ ತಿನ್ನುವ ರಾಕ್ಷಸ ಎಂದೇ ಹೆಸರಾಯಿತು. ಆದರೆ ಅದೇ ಕಾಲದಲ್ಲಿ ಒಂದು ವಿಚಿತ್ರವೂ ಕಂಡುಬಂದಿತ್ತು. 1925ರಲ್ಲಿ ಕೆನಡಾದ ಜೇಮ್ಸ್ ಕಾಲಿಪ್ ಎತ್ತಿನ ಗ್ರಂಥಿಗಳಿಂದ ಇದರ ಸಾರ ತೆಗೆದ. ಮೂರು ವರ್ಷ ಹಿಂದೆ ಟೊರಾಂಟೋದಲ್ಲಿ ಇನ್ಸುಲಿನ್ನನ್ನು ಮನುಷ್ಯರಿಗೆ ಚುಚ್ಚುವಷ್ಟು ಶುದ್ಧಮಾಡಿಕೊಟ್ಟವನೂ ಇವನೇ. 1929ರಲ್ಲಿ ಬಾಸ್ಟನ್ನಿನ ಬಾವರ್, ಆಬ್ ಮತ್ತು ಆಲ್‌ಬ್ರೈಟ್ ಈ ಸಾರವನ್ನು ಇಲಿಗಳಿಗೆ ಚುಚ್ಚಿದಾಗ ಮೂಳೆ ಕರಗುವ ಬದಲು ಬೆಳೆದಿತ್ತು. 1932ರಲ್ಲಿ ಹಾನ್ಸ್ ಸೆಲ್ಯೆ ಕೂಡ ಇದನ್ನೇ ಬರೆದ. ಗುಟ್ಟು ಪ್ರಮಾಣದಲ್ಲಿ ಮತ್ತು ಹೊತ್ತಿನಲ್ಲಿ ಇದೆ. ಶಾನುಭೋಗ ದಿನವಿಡೀ ಕುಳಿತರೆ ಹಗೇವು ಖಾಲಿ. ದಿನಕ್ಕೊಮ್ಮೆ ಬಂದು, ಒಂದು ಕೂಗು ಹಾಕಿ, ಹೊರಟುಹೋದರೆ? ಆ ಕೂಗಿಗೆ ಮೊದಲು ಎದ್ದು ಬರುವವರು ಕಟ್ಟುವ ಗಾರೆಯವರು. ಕೆಡಹುವವರು ಸೇರುವ ಹೊತ್ತಿಗೆ ಶಾನುಭೋಗ ಅಲ್ಲಿರುವುದಿಲ್ಲ. ಅಷ್ಟರಲ್ಲಿ ಗೋಡೆ ಒಂದು ಗೇಣು ಎದ್ದಿರುತ್ತದೆ. ಒಂದೇ ವಸ್ತು, ನಿರಂತರವಾದರೆ ವಿಷ, ದಿನಕ್ಕೊಂದು ಚುಚ್ಚು ಆದರೆ ಅಮೃತ.

ಈ ಗುಟ್ಟು ಕೈಗೆ ಸಿಕ್ಕಿಯೂ ನಲವತ್ತು ವರ್ಷ ಮೂಲೆಯಲ್ಲಿ ಬಿದ್ದಿತ್ತು. ಎತ್ತಿನ ಗ್ರಂಥಿಯ ಸಾರ ಒಂದು ಸಲ ಇದ್ದಂತೆ ಇನ್ನೊಂದು ಸಲ ಇರುತ್ತಿರಲಿಲ್ಲ. 84 ಕೊಂಡಿಗಳ ಸರಪಳಿಯಂತಿರುವ ಈ ಹಾರ್ಮೋನಿನ ಮೊದಲ 34 ಕೊಂಡಿಗಳನ್ನು ಪ್ರಯೋಗಶಾಲೆಯಲ್ಲಿ ಪೋಣಿಸಿದ್ದು 1971ರಲ್ಲಿ. ಆ 34 ಕೊಂಡಿಗಳ ತುಣುಕೇ ನಮ್ಮ ಅಕ್ಕನ ಪೆನ್ನಿನಲ್ಲಿರುವ ಟೆರಿಪ್ಯಾರಟೈಡ್. ಇಂದು ಇದನ್ನು ಸೂಕ್ಷ್ಮಜೀವಿಗಳಿಂದ ದೊಡ್ಡ ಕಡಾಯಿಗಳಲ್ಲಿ ತಯಾರಿಸುತ್ತಾರೆ. ಇಂಥ ವಿದ್ಯೆ ನಮಗೇನೂ ದೂರದ್ದಲ್ಲ. ನಮ್ಮ ಹೊಸೂರು ರಸ್ತೆಯಲ್ಲೇ ಮುಂದಕ್ಕೆ ಹೋದರೆ ಸಿಗುವ ಬೊಮ್ಮಸಂದ್ರದ ಬಯೋಕಾನ್, ಯೀಸ್ಟಿನಿಂದ ಮಾಡಿದ ಮಾನವ ಇನ್ಸುಲಿನ್ನನ್ನು 2004ರಲ್ಲಿ ಮಾರುಕಟ್ಟೆಗೆ ತಂದಿತು.

ಇಲ್ಲಿಯವರೆಗೆ ಕೇಳಿಸಿಕೊಂಡ ಹಿತ್ತಲಮನೆಯವಳು, “ಖಡ್ಗಮೃಗ ಆಯ್ತು, ಕಂಡಕ್ಟರಾಯ್ತು, ಇಲೀನೂ ಆಯ್ತು. ಹೆಂಗಸರು ಯಾವಾಗ ಬರ್ತಾರೆ ಮೇಷ್ಟ್ರೇ?” ಎಂದಳು. ಅವಳ ಆಕ್ಷೇಪ ನ್ಯಾಯವಾದದ್ದೇ. ಕಾಯಿಲೆ ಹೆಚ್ಚಾಗಿ ಹೆಂಗಸರದು. ಕಥೆಯಲ್ಲಿ ಅವರೇ ಇಲ್ಲ.

ಹೆಂಗಸರನ್ನು ಕಥೆಯೊಳಗೆ ತಂದವನು, ಮೇಲೆ ಹೇಳಿದ ಮೂವರಲ್ಲಿ ಒಬ್ಬನಾದ ಫುಲ್ಲರ್ ಆಲ್‌ಬ್ರೈಟ್. ಬೆನ್ನೆಲುಬು ಕುಸಿದು ತನ್ನಲ್ಲಿಗೆ ಬಂದವರಲ್ಲಿ ಬಹುಪಾಲು ಮುಟ್ಟು ನಿಂತ ಹೆಂಗಸರೇ ಎಂಬುದನ್ನು ಅವನು ಗುರುತಿಸಿ 1941ರಲ್ಲಿ ಬರೆದ. ಮುಟ್ಟು ನಿಂತಾಗ ಈಸ್ಟ್ರೋಜನ್ ಎಂಬ ಹಾರ್ಮೋನು ಬತ್ತುತ್ತದೆ; ಕೆಡಹುವ ಕಣಗಳ ಕೈಕಟ್ಟಿ ಹಾಕಿದ್ದು ಅದೇ. ಕಟ್ಟು ಬಿಚ್ಚಿದೊಡನೆ ಅವು ಹುಚ್ಚೆದ್ದು ಕೆಲಸ ಮಾಡುತ್ತವೆ. ಮೊದಲ ಐದು ಹತ್ತು ವರ್ಷಗಳಲ್ಲೇ ಮೂಳೆಯ ನಷ್ಟ ಹೆಚ್ಚು. ಹಾಗಾದರೆ ಬತ್ತಿದ್ದನ್ನು ಹೊರಗಿನಿಂದ ತುಂಬಿದರಾಯಿತು ಎಂಬುದು ಸಹಜವಾದ ತರ್ಕ. ಅಮೆರಿಕದಲ್ಲಿ 1942ರಿಂದಲೇ ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜನ್ ಮಾತ್ರೆ ಮಾರಾಟಕ್ಕಿತ್ತು. ದಶಕಗಳ ಕಾಲ ಲಕ್ಷಾಂತರ ಹೆಂಗಸರು ಅದನ್ನು ನುಂಗಿದರು. ಎಲುಬಿಗೂ ಒಳ್ಳೆಯದು, ಹೃದಯಕ್ಕೂ ಒಳ್ಳೆಯದು, ಯೌವನವೂ ಉಳಿಯುತ್ತದೆ ಎಂಬ ಭರವಸೆ ಜೊತೆಗಿತ್ತು. ಅದರ ನಿಜವಾದ ದೊಡ್ಡ ಪರೀಕ್ಷೆ ಮುಗಿದದ್ದು ಯಾವಾಗ? 2002ರಲ್ಲಿ! 16,608 ಹೆಂಗಸರ ಮೇಲೆ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಜೋಡಿಯನ್ನು ಪರೀಕ್ಷಿಸುತ್ತಿದ್ದ ಅಧ್ಯಯನವನ್ನು ಆ ವರ್ಷ ನಡುವೆಯೇ ನಿಲ್ಲಿಸಬೇಕಾಯಿತು. ಸೊಂಟದ ಮೂಳೆ ಮುರಿತ ಮೂರರಲ್ಲಿ ಒಂದು ಪಾಲು ಕಡಿಮೆಯಾಗಿತ್ತು, ನಿಜ. ಆದರೆ ಸ್ತನದ ಕ್ಯಾನ್ಸರ್, ಹೃದ್ರೋಗ, ಪಾರ್ಶ್ವವಾಯು ಹೆಚ್ಚಾಗಿದ್ದವು. ಮೊದಲು ಮಾರಿ, ಅರವತ್ತು ವರ್ಷದ ಮೇಲೆ ಪರೀಕ್ಷೆ ಮಾಡಿದ್ದರ ಫಲ ಇದು. ಪರೀಕ್ಷೆ ಎಂದೊಡನೆ, ಮನುಷ್ಯರನ್ನು ಇಲಿ ಮಾಡುತ್ತಾರೆ ಎಂದು ಹುಬ್ಬು ಗಂಟಿಕ್ಕುವ ನಮ್ಮಂಥವರು, ಪರೀಕ್ಷೆಯಿಲ್ಲದೆ ನುಂಗಿದವರ ಲೆಕ್ಕವನ್ನೂ ನೆನಪಿಡಬೇಕು.

ಪ್ಯಾರಾಥೈರಾಯಿಡ್ ಹಾರ್ಮೋನು ಬಂದದ್ದು ಬೇರೆ ದಾರಿಯಲ್ಲಿ. ಅದಕ್ಕೆ ರಾಕ್ಷಸನೆಂಬ ಹೆಸರಿದ್ದದ್ದೇ ಒಳ್ಳೆಯದಾಯಿತೇನೋ. ಯಾರೂ ಅವಸರ ಮಾಡಲಿಲ್ಲ. 1980ರಲ್ಲಿ ರೀವ್ ಮತ್ತು ಅವರ ಜೊತೆಗಾರರು, ಮೂಳೆ ಟೊಳ್ಳಾದ 21 ರೋಗಿಗಳಿಗೆ ಈ ತುಣುಕನ್ನು ದಿನದಿನ ಚುಚ್ಚಿ, ಮೂಳೆಯ ಚೂರು ತೆಗೆದು ಪರೀಕ್ಷಿಸಿ, ಮೂಳೆ ಬೆಳೆದಿದೆ ಎಂದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. “ಮೊದಲು ಯಾರಿಗೆ” ಎಂದು ಕೇಳಿದವಳಿಗೆ ಇವರೇ ಒಂದು ಉತ್ತರ.

ದೊಡ್ಡ ಉತ್ತರ ಆಮೇಲೆ ಬಂತು. 1990ರ ದಶಕದ ಕೊನೆಯಲ್ಲಿ ಲಿಲ್ಲಿ ಎಂಬ ಅಮೆರಿಕದ ಕಂಪನಿ 17 ದೇಶಗಳ 99 ಕೇಂದ್ರಗಳಲ್ಲಿ 1637 ಹೆಂಗಸರನ್ನು ಕಲೆಹಾಕಿತು. ಎಲ್ಲರೂ ಮುಟ್ಟು ನಿಂತವರು, ಆಗಲೇ ಬೆನ್ನೆಲುಬು ಕುಸಿದಿದ್ದವರು. ಹೆಚ್ಚುಕಡಿಮೆ ನಮ್ಮ ಅಕ್ಕನ ಪ್ರಾಯದವರು. ಚೀಟಿ ಎತ್ತಿದಂತೆ ಅವರನ್ನು ಮೂರು ಪಾಲು ಮಾಡಿದರು. 541 ಮಂದಿಗೆ ದಿನಕ್ಕೆ 20 ಮೈಕ್ರೋಗ್ರಾಂ, 552 ಮಂದಿಗೆ 40 ಮೈಕ್ರೋಗ್ರಾಂ. ಉಳಿದ 544 ಮಂದಿಗೆ ಔಷಧವೇ ಇಲ್ಲದ ಹುಸಿಮದ್ದು. ಸುಣ್ಣದ ಮಾತ್ರೆ ಮತ್ತು ಡಿ ಜೀವಸತ್ವ ಎಲ್ಲರಿಗೂ ಉಂಟು. ಯಾರ ಕೊಳವೆಯಲ್ಲಿ ಏನಿದೆ ಎಂದು ಚುಚ್ಚಿಕೊಳ್ಳುವವರಿಗೂ ತಿಳಿಯದು, ಕೊಡುವ ವೈದ್ಯರಿಗೂ ತಿಳಿಯದು.

1998ರ ಡಿಸೆಂಬರಿನಲ್ಲಿ ಒಂದು ಕೆಟ್ಟ ಸುದ್ದಿ ಬಂತು. ಬಹುಪಾಲು ಆಯುಸ್ಸಿನುದ್ದಕ್ಕೂ ಈ ಔಷಧ ಪಡೆದ ಇಲಿಗಳಲ್ಲಿ ಮೂಳೆಯ ಕ್ಯಾನ್ಸರ್ ಕಾಣಿಸಿತ್ತು. ಕಂಪನಿ ಹೆಂಗಸರ ಪರೀಕ್ಷೆಯನ್ನು ತಕ್ಷಣ ನಿಲ್ಲಿಸಿತು. ಅಷ್ಟರಲ್ಲಿ ಅವರು ಸುಮಾರು ಒಂದೂವರೆ ವರ್ಷ ದಿನವೂ ಚುಚ್ಚಿಕೊಂಡಿದ್ದರು. ಲೆಕ್ಕ ತೆಗೆದು ನೋಡಿದಾಗ ಫಲ ಸ್ಪಷ್ಟವಾಗಿತ್ತು. ಬೆನ್ನಿನ ಚಿತ್ರ ಮತ್ತೆ ತೆಗೆಯಲು ಸಾಧ್ಯವಾದವರ ಪೈಕಿ, ಹುಸಿಮದ್ದಿನ 448 ಮಂದಿಯಲ್ಲಿ 64 ಮಂದಿಗೆ ಹೊಸದಾಗಿ ಬೆನ್ನೆಲುಬು ಮುರಿದಿತ್ತು. 20 ಮೈಕ್ರೋಗ್ರಾಂ ಪಡೆದ 444 ಮಂದಿಯಲ್ಲಿ 22 ಮಂದಿಗೆ ಮಾತ್ರ. ನೂರಕ್ಕೆ 14 ಇದ್ದದ್ದು 5ಕ್ಕೆ ಇಳಿದಿತ್ತು. 40 ಮೈಕ್ರೋಗ್ರಾಮಿನಿಂದ ಅದಕ್ಕಿಂತ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಹೀಗೆ ಅಕ್ಕನ ಪೆನ್ನಿನ ಮೇಲೆ ಅಚ್ಚಾಗಿರುವ 20 ಎಂಬ ಅಂಕಿ ಗೊತ್ತಾಯಿತು. 2001ರ ಮೇ ತಿಂಗಳಲ್ಲಿ ನೀರ್ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದರು. 2002ರ ನವೆಂಬರಿನಲ್ಲಿ ಅಮೆರಿಕದ ಔಷಧ ಇಲಾಖೆ ಮಾರಾಟಕ್ಕೆ ಒಪ್ಪಿತು, ಆದರೆ ಕಪ್ಪು ಚೌಕಟ್ಟಿನ ಎಚ್ಚರಿಕೆಯೊಡನೆ, ಎರಡು ವರ್ಷಕ್ಕಿಂತ ಹೆಚ್ಚು ಕೊಡಬಾರದೆಂಬ ಮಿತಿಯೊಡನೆ. ಇಲಿಗಳಿಗೆ ಬಂದದ್ದು ಮನುಷ್ಯರಿಗೆ ಬರುತ್ತಿಲ್ಲವೆಂದು ವರ್ಷಗಟ್ಟಲೆ ನೋಡಿ, 2020ರ ನವೆಂಬರಿನಲ್ಲಿ ಆ ಕಪ್ಪು ಚೌಕಟ್ಟನ್ನು ತೆಗೆದರು. ಔಷಧ ನಿಲ್ಲಿಸಿದ ಮೇಲೆ ಕಟ್ಟಿದ ಮೂಳೆ ಮತ್ತೆ ಕರಗದಂತೆ ಬೇರೆ ಮದ್ದು ಕೊಡಬೇಕೆಂಬುದೂ ಇದೇ ದಾರಿಯಲ್ಲಿ ತಿಳಿದ ಪಾಠ.

ನಮ್ಮ ದೇಶದಲ್ಲಿಯೂ ಈ ಔಷಧದ ಪರೀಕ್ಷೆ ನಡೆದಿದೆ. ಹಲವು ಊರುಗಳ ವೈದ್ಯರು ಕೂಡಿ, ಮುಟ್ಟು ನಿಂತ ಭಾರತೀಯ ಹೆಂಗಸರಿಗೆ ಆರು ತಿಂಗಳು ಇದನ್ನು ಕೊಟ್ಟು, ಬರೀ ಸುಣ್ಣ ಮತ್ತು ಡಿ ಜೀವಸತ್ವ ಪಡೆದವರೊಡನೆ ಹೋಲಿಸಿ, ಬೆನ್ನೆಲುಬಿನ ಸಾಂದ್ರತೆ ಹೆಚ್ಚಾದುದನ್ನು 2008ರಲ್ಲಿ ಭಾರತೀಯ ವೈದ್ಯರ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಪರೀಕ್ಷೆಗೆ ಒಳಪಟ್ಟವರು ನೂರಕ್ಕಿಂತ ಕಡಿಮೆ. ಪುಟ್ಟ ಪರೀಕ್ಷೆ, ಆದರೆ ನಮ್ಮ ಮೈಗೂ ಇದು ಒಗ್ಗುತ್ತದೆ ಎಂದು ತಿಳಿಯಲು ನಮ್ಮವರೇ ಕೆಲವರು ತೋಳು ಚಾಚಬೇಕಾಯಿತು.

ಪರೀಕ್ಷೆಗೆ ತೋಳು ಚಾಚುವವರಿಗೆ ಎಲ್ಲವನ್ನೂ ತಿಳಿಸಿ ಒಪ್ಪಿಗೆ ಪಡೆಯಬೇಕು ಎಂಬುದು ಇಂದು ಕಾನೂನು. ಅದು ತಾನಾಗಿ ಬಂದದ್ದಲ್ಲ. 1985ರಲ್ಲಿ ಹೈದರಾಬಾದಿನ ಹತ್ತಿರದ ಪಟಾನ್‌ಚೆರುವಿನಲ್ಲಿ ಗರ್ಭನಿರೋಧಕ ಹಾರ್ಮೋನಿನ ಇಂಜೆಕ್ಷನ್ ಪರೀಕ್ಷೆಗೆ ಬಂದಿದ್ದ ಬಡ ಹೆಂಗಸರಿಗೆ, ಇದು ಪರೀಕ್ಷೆ ಎಂಬುದೇ ಸರಿಯಾಗಿ ತಿಳಿದಿರಲಿಲ್ಲ. ಸ್ತ್ರೀಶಕ್ತಿ ಸಂಘಟನೆಯವರು ತಿಳಿಯಹೇಳಿದಾಗ ಹಲವರು ಎದ್ದು ಹೊರಟರು. 1986ರಲ್ಲಿ ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಪರೀಕ್ಷೆಗಳ ರಾಷ್ಟ್ರೀಯ ದಾಖಲೆ ಪಟ್ಟಿ ಶುರುವಾದದ್ದು 2007ರಲ್ಲಿ. ದಾಖಲಿಸುವುದು ಕಡ್ಡಾಯವಾದದ್ದು 2009ರಲ್ಲಿ. ಈಗಿನ ನಿಯಮಾವಳಿ ಬಂದದ್ದು 2019ರಲ್ಲಿ. ನೊಂದವರು ಕೇಳಿದ್ದರಿಂದ ಕಾಗದದ ಮೇಲೆ ಮೂಡಿದ ಅಕ್ಷರಗಳು ಇವು.

ನಾನು ಇಷ್ಟು ಹೇಳಿ ಮುಗಿಸಿದ ಸಂಜೆ ಹಿತ್ತಲಮನೆಯವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು: “ಆ ಐನೂರ ನಲವತ್ತನಾಲ್ಕು ಜನ ಬರೀ ನೀರು ಚುಚ್ಚಿಸಿಕೊಂಡ್ರಲ್ಲ, ಅವರಿಗೆ ಆಮೇಲಾದ್ರೂ ಔಷಧ ಕೊಟ್ರಾ?”

ನಿಜ ಹೇಳಬೇಕಲ್ಲ. ಇಲಿಗಳ ಸುದ್ದಿ ಬಂದಾಗ ಔಷಧ ಎಲ್ಲರಿಗೂ ನಿಂತಿತು. ಅದು ಅಂಗಡಿಗೆ ಬರಲು ಇನ್ನೂ ನಾಲ್ಕು ವರ್ಷ ಬೇಕಾಯಿತು. ಅವರ ವೈದ್ಯರು ಬೇರೆ ಮದ್ದುಗಳನ್ನು ಕೊಡಬಹುದಾಗಿತ್ತು. ಬಹುಮಂದಿಯ ಆರೋಗ್ಯವನ್ನು ಮುಂದೆಯೂ ಗಮನಿಸುತ್ತ ಬಂದರು. ಆದರೆ ಒಂದೂವರೆ ವರ್ಷ ದಿನವೂ ಬರಿಯ ನೀರು ಚುಚ್ಚಿಕೊಂಡ ಆ ಅಜ್ಜಿಯರಿಗೆ, ಅದರಲ್ಲೂ ಈ ನಡುವೆ ಬೆನ್ನು ಮುರಿದುಕೊಂಡ ಆ 64 ಮಂದಿಗೆ, ಸಿಕ್ಕ ಪ್ರತಿಫಲ ಏನು? ಅವರಿಲ್ಲದೆ 14ಕ್ಕೂ 5ಕ್ಕೂ ನಡುವಿನ ಅಂತರ ಗೊತ್ತಾಗುತ್ತಿರಲಿಲ್ಲ. ಔಷಧ ಪಡೆದವರು ಔಷಧದ ಗುಣವನ್ನು ತೋರಿಸಲಿಲ್ಲ, ಪಡೆಯದವರು ತೋರಿಸಿದರು. ಅಕ್ಕ ಇದನ್ನು ಕೇಳಿ, “ನನ್ನ ಬೆನ್ನಿಗೆ ಅವರ ಬೆನ್ನು ಕೊಟ್ಟರು ಅನ್ನು” ಎಂದಳು.

ನಮ್ಮ ಮನೆಗೆ ಹತ್ತಿರದಲ್ಲೇ ಬೇಗೂರು ಇದೆ. ಅಲ್ಲಿಯ ನಾಗೇಶ್ವರ ದೇವಾಲಯದಲ್ಲಿ ಒಂಬತ್ತನೆಯ ಶತಮಾನದ ಕೊನೆಯ ಭಾಗದ ಒಂದು ಶಾಸನವಿದೆ. ಬೆಂಗಳೂರಿನ ಹೆಸರು ಕಾಣಸಿಗುವ ಅತಿ ಹಳೆಯ ಬರಹವೆಂದು ನಾನು ಪ್ರತಿ ವರ್ಷ ಮಕ್ಕಳನ್ನು ಕರೆದೊಯ್ದು ತೋರಿಸುತ್ತಿದ್ದೆ. ಬೆಂಗಳೂರಿನ ಕಾಳಗದಲ್ಲಿ ಸತ್ತವನೊಬ್ಬನ ನೆನಪನ್ನು ಅದು ಹನ್ನೊಂದು ಶತಮಾನ ಕಾಪಾಡಿಕೊಂಡು ಬಂದಿದೆ. ಆ 544 ಮಂದಿಯ ಹೆಸರು ಯಾವ ಕಲ್ಲಿನಲ್ಲೂ ಇಲ್ಲ. ಒಂದು ಪತ್ರಿಕೆಯ ಪಟ್ಟಿಯಲ್ಲಿ ಅಂಕಿಯಾಗಿ ಇದ್ದಾರೆ.

ಇನ್ನೊಂದು ಮಾತನ್ನು ಹೇಳದೆ ಈ ಲೇಖನ ಮುಗಿಸಿದರೆ ನನ್ನ ಉತ್ತರ ಅರೆಯಾಗುತ್ತದೆ. 2016ರ ಏಪ್ರಿಲ್ 18ರಂದು ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆಯಾಗಿ ಹೊಸೂರು ರಸ್ತೆಗೆ ಇಳಿದದ್ದು ವಾಚಕರಿಗೆ ನೆನಪಿರಬಹುದು. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯಬಾರದು ಎಂಬ ಹೊಸ ನಿಯಮ ಅವರನ್ನು ಕೆರಳಿಸಿತ್ತು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದ ನಾನು ಆ ದಿನ ಗೊಣಗಿದ್ದೆ. ನಮ್ಮ ಹಿತ್ತಲಮನೆಯವಳು ಅಂದು ಆ ಗುಂಪಿನಲ್ಲಿದ್ದಳಂತೆ. “ಐವತ್ತೆಂಟರ ತನಕ ಈ ಮೈ ಮಿಷನ್ ಮುಂದೆ ಕೂತಿರ್ತದಾ ಮೇಷ್ಟ್ರೇ?” ಎಂದು ಈಗ ಕೇಳಿದಳು.

ಮೂಳೆಯ ಕಥೆ ಓದಿದ ಮೇಲೆ ಆ ಪ್ರಶ್ನೆ ನನಗೆ ಬೇರೆಯಾಗಿ ಕೇಳಿಸಿತು. ನಮ್ಮ ದೇಶದ ಹೆಂಗಸರಿಗೆ ಸರಾಸರಿ 46-47ರ ಹೊತ್ತಿಗೆ ಮುಟ್ಟು ನಿಲ್ಲುತ್ತದೆ. ಅಲ್ಲಿಂದ 58ರವರೆಗಿನ ವರ್ಷಗಳೇ ಮೂಳೆ ಅತಿ ಬೇಗ ಕರಗುವ ವರ್ಷಗಳು. ಬೆಳಗ್ಗೆ ಬಿಸಿಲೇರುವ ಮೊದಲೇ ಒಳಗೆ ಹೋಗಿ, ಸಂಜೆ ಬಿಸಿಲಿಳಿದ ಮೇಲೆ ಹೊರಗೆ ಬರುವವರಿಗೆ ಡಿ ಜೀವಸತ್ವ ಎಲ್ಲಿಂದ ಬರಬೇಕು? ಸೂರ್ಯನಿಗೆ ಬರವಿಲ್ಲದ ತಿರುಪತಿಯಲ್ಲೇ, ಮುಟ್ಟು ನಿಂತ ಹೆಂಗಸರಲ್ಲಿ ಬಹುಪಾಲು ಮಂದಿಗೆ ಅದು ಸಾಲದಾಗಿದೆ ಎಂದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ನಮ್ಮ ಅಜ್ಜಿಯರ ರಾಗಿಯಲ್ಲಿ ನೂರು ಗ್ರಾಮಿಗೆ 300 ಮಿಲಿಗ್ರಾಮಿಗೂ ಮಿಕ್ಕಿ ಸುಣ್ಣವಿದೆ. ಮುದ್ದೆ ಕಟ್ಟಲು ಹೊತ್ತಿಲ್ಲದ ಮನೆಗಳಲ್ಲಿ ಅಕ್ಕಿಯ ಅನ್ನವೇ ಎರಡು ಹೊತ್ತಿಗೂ. ಅಕ್ಕನ ಒಂದು ಪೆನ್ನಿಗೆ ನಾನು ತೆರುವ ಹಣ ಅವಳ ತಿಂಗಳ ಸಂಬಳದ ದೊಡ್ಡ ಪಾಲು. ಪರೀಕ್ಷೆಯ ಕಾಲಕ್ಕೆ ಬೇಕಾಗುವವರು ಯಾರು, ಫಲದ ಕಾಲಕ್ಕೆ ಕೊಳ್ಳಬಲ್ಲವರು ಯಾರು ಎಂಬ ಲೆಕ್ಕವನ್ನೂ ಚರಿತ್ರೆ ಇಡಬೇಕು. ಅದನ್ನು ನಾನು ಮೂವತ್ತೆರಡು ವರ್ಷ ಕಲಿಸಲಿಲ್ಲ.

ಅಕ್ಕನ ಎರಡು ವರ್ಷದ ಗಡುವಿನಲ್ಲಿ ಅರ್ಧ ಮುಗಿದಿದೆ. ಮೊನ್ನೆ ತೆಗೆಸಿದ ಚಿತ್ರದಲ್ಲಿ ಬೆನ್ನೆಲುಬು ಮತ್ತೆ ಕುಸಿದಿಲ್ಲ. ಸಾಂದ್ರತೆ ಸ್ವಲ್ಪ ಏರಿದೆ. ಕಳೆದುಹೋದ ಎತ್ತರ ಮರಳಿ ಬರುವುದಿಲ್ಲವೆಂದು ವೈದ್ಯರು ಹೇಳಿದ್ದರಿಂದ, ಸೀರೆಗಳಿಗೆ ಕೆಳಗೆ ಒಂದು ಮಡಿಕೆ ಹಾಕಿಸಲು ನಿಶ್ಚಯಿಸಿದಳು. ಹೊಲಿದುಕೊಟ್ಟವಳು ಹಿತ್ತಲಮನೆಯವಳೇ. ಕೂಲಿ ಕೊಡಹೋದರೆ ಬೇಡವೆಂದಳು. ಅಕ್ಕ ಅವಳ ಕೈಗೆ ಐದು ಸೇರು ರಾಗಿ ಹಿಟ್ಟಿನ ಚೀಲವನ್ನೂ, ಭಾನುವಾರ ತಾನೂ ಜೊತೆಗೆ ಬರುವೆನೆಂಬ ಮಾತನ್ನೂ ಕೊಟ್ಟಳು. ಎಲ್ಲಿಗೆಂದು ನಾನು ಕೇಳಿದೆ. “ಅವಳ ಮೂಳೆ ಪರೀಕ್ಷೆ ಮಾಡಿಸೋಕೆ. ನನ್ನ ಹಾಗೆ ಸೀರೆಯ ಮೇಲೆ ತಪ್ಪು ಹೊರಿಸಿಕೊಂಡು ಕೂತಿರೋದು ಬೇಡ” ಎಂದಳು ಅಕ್ಕ.